ಮಾತು ಬಿಟ್ಟ ನಾಟಕಕಾರ

ಚೌತಿ ಕಳೆದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ನನಗೆ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ಮಾಡುವವರು ಹೆಚ್ಚಾಗಿ ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಕುಂದಾಪುರ ಕಡೆಯ ಶಾಲೆಗಳ ಮಾಷ್ಟ್ರುಗಳು, ಟೀಚರುಗಳು. ಅಕ್ಟೋಬರ್ 10 ಶಿವರಾಮ ಕಾರಂತರು ಹುಟ್ಟಿದ ದಿನ. ಭಾಷಣ, ಪ್ರಬಂಧ, ರಸಪ್ರಶ್ನೆ ಎಲ್ಲ ಮಾಡಿ ಆಗಿದೆ, ಈ ಸಲ ಮಕ್ಕಳಿಂದ ಒಂದು ನಾಟಕ ಆಡಿಸುವ ಎಂದು ಅವರ ಆಸೆ. ಕಾರಂತರದ್ದೇ ಆದರೆ ಇನ್ನೂ ಒಳ್ಳೆಯದು. ಇಷ್ಟು ಹೇಳಿದ ಮೇಲೆ ಆ ಕಡೆಯ ದನಿ ಸ್ವಲ್ಪ ತಗ್ಗುತ್ತದೆ. "ಹ್ವಾಯ್, ಕಾರಂತ್ರ್ ನಾಟ್ಕ ಬರ್ದದ್ದ್ ಹೌದಲ್ದಾ?"

ಹೌದು, ಬರೆದಿದ್ದಾರೆ. ಸಾಮಾನ್ಯವಾಗಿ ಕೊಡುವ ಲೆಕ್ಕದಂತೆ ಅವರ ಕಾದಂಬರಿಗಳು 47, ನಾಟಕಗಳು 31. ಏಕಾಂಕ, ಗೀತನಾಟಕ, ಸಾಮಾಜಿಕ ನಾಟಕ ಎಲ್ಲ ಅದರಲ್ಲಿ ಸೇರಿವೆ. ಹಾಗಿದ್ದರೂ ಕಾರಂತರು ಹುಟ್ಟಿದ ಕೋಟದಲ್ಲೇ ಈ ಪ್ರಶ್ನೆ ಹುಟ್ಟುತ್ತದೆ. ನಮಗೆ 'ಚೋಮನ ದುಡಿ'ಯ ಕಾರಂತರು ಗೊತ್ತು, 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಪಡೆದ ಕಾರಂತರು ಗೊತ್ತು, ಕೈಗಾ ಅಣುಸ್ಥಾವರದ ವಿರುದ್ಧ ನಿಂತ ಕಾರಂತರು ಗೊತ್ತು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದ ಕಾರಂತರು ಗೊತ್ತು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ, ಹುಟ್ಟೂರ ಪ್ರಶಸ್ತಿ ಇದೆ. ಆದರೆ ರಂಗದ ಮೇಲೆ ನಿಂತ ಕಾರಂತರು ಮಾತ್ರ ನಮ್ಮ ನೆನಪಿನಿಂದ ಜಾರಿದ್ದಾರೆ.

ಪ್ರತಿವರ್ಷ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಈ ಸಲ ಅಂಕಣದಲ್ಲೇ ಬರೆಯುತ್ತಿದ್ದೇನೆ. ಕಾರಂತರ ಎಲ್ಲ ನಾಟಕಗಳ ಪರಿಚಯ ಮಾಡಿಸುವುದು ನನ್ನ ಉದ್ದೇಶವಲ್ಲ. ಅವರ ರಂಗಜೀವನವನ್ನು ವರ್ಷಗಳ ಕಾಲ ಹಿಂದೆ ಮುಂದೆ ಓದಿದಾಗ ನನಗೆ ಅದರೊಳಗೆ ಒಂದೇ ಒಂದು ದಾರಿ ಕಂಡಿದೆ. ಮಾತಿನಿಂದ ಹೊರಟವರು ಹಾಡಿಗೆ ಬಂದರು, ಹಾಡಿನಿಂದ ಕುಣಿತಕ್ಕೆ ಬಂದರು, ಕೊನೆಗೆ ಪಾತ್ರಗಳ ಬಾಯಿಂದ ಮಾತನ್ನೇ ತೆಗೆದರು. ಆ ದಾರಿಯನ್ನು ಹಿಡಿದು ಹೋದರೆ ಅವರ ನಾಟಕಗಳೂ ಅರ್ಥವಾಗುತ್ತವೆ, ಅವು ಯಾಕೆ ಮರೆತುಹೋದವು ಎಂಬುದೂ ಅರ್ಥವಾಗುತ್ತದೆ.

ದಾರಿ ಶುರುವಾಗುವುದು ನಮ್ಮ ಬೈಲುಗಳಲ್ಲೇ. ಕಾರಂತರು ಹುಟ್ಟಿದ್ದು 1902ರಲ್ಲಿ. ಆಗ ಇಲ್ಲಿ ಸಿನೆಮಾ ಇಲ್ಲ, ರೇಡಿಯೋ ಇಲ್ಲ. ಇದ್ದದ್ದು ಆಟ. ನಮ್ಮಲ್ಲಿ ಯಕ್ಷಗಾನ ಎಂದು ಬಾಯಿ ತುಂಬ ಯಾರೂ ಹೇಳುವುದಿಲ್ಲ, ಆಟ ಎಂದರೆ ಸಾಕು. ಕೋಟದ ಅಮೃತೇಶ್ವರಿ ಅಮ್ಮನ ಹೆಸರಿನ ಮೇಳ ಇಲ್ಲಿಯದೇ. ಬ್ರಹ್ಮಾವರದ ಸುತ್ತ ಹಾರಾಡಿ ತಿಟ್ಟು, ಮಟ್ಪಾಡಿ ತಿಟ್ಟು ಎಂದು ಕುಣಿತದ ಎರಡು ಮನೆತನಗಳೇ ಬೆಳೆದವು. ನಾನು ಹುಡುಗನಾಗಿದ್ದಾಗಲೂ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ ಎಂದರೆ ಮನೆಮಂದಿಯೆಲ್ಲ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದೆವು. ನನಗೆ ರಂಗಸ್ಥಳಕ್ಕಿಂತ ಬಣ್ಣ ಹಚ್ಚುವ ಚೌಕಿಯ ಹುಚ್ಚು. ಒಬ್ಬ ವೇಷಧಾರಿ ಕಾಲು ಚಾಚಿ ಕುಳಿತು, ಎದುರಿಗೊಂದು ಚಿಕ್ಕ ಕನ್ನಡಿ ಹಿಡಿದು, ಹಣೆಯ ಮೇಲೆ ನಾಮದ ಗೆರೆ ಎಳೆಯುತ್ತಿದ್ದದ್ದು ಇನ್ನೂ ಕಣ್ಣಲ್ಲಿದೆ. ಗೆರೆ ಎಳೆಯುವಾಗ ಆತ ಉಸಿರು ಹಿಡಿಯುತ್ತಿದ್ದ. ಕೇದಗೆ ಮುಂದಲೆಗೆ ಬಟ್ಟೆ ಸುತ್ತು ಸುತ್ತಾಗಿ ಏರಿದಂತೆ ಅವನ ಮಾತು ಕಮ್ಮಿಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಎಲೆ ಅಡಿಕೆ ಕೇಳಿದವನನ್ನು ಈಗ ಮಾತನಾಡಿಸಲು ನನಗೆ ಭಯ. ಅವನು ಇನ್ನೂ ಒಂದು ಮಾತೂ ಆಡಿಲ್ಲ, ಒಂದು ಹೆಜ್ಜೆಯೂ ಹಾಕಿಲ್ಲ, ಆದರೆ ಅವನು ಅಭಿಮನ್ಯುವಾಗಿ ಆಗಿತ್ತು. ಇಂಥ ಚೌಕಿಗಳ ಊರಿನಲ್ಲಿ ಹುಡುಗ ಶಿವರಾಮ ಬೆಳೆದ.

ಆದರೆ ಬರವಣಿಗೆ ಶುರು ಮಾಡಿದಾಗ ಅವರು ಆಟದ ಕಡೆ ತಿರುಗಲಿಲ್ಲ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದವರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಓದು ಬಿಟ್ಟು ಹೊರಬಂದರು. ಖಾದಿ, ಸ್ವದೇಶಿ, ಪಾನನಿರೋಧ ಎಂದು ಊರೂರು ತಿರುಗಿದರು. ಕುಂದಾಪುರದಿಂದ 'ವಸಂತ' ಎಂಬ ಪತ್ರಿಕೆ ಹೊರಡಿಸಿದರು. ಇಪ್ಪತ್ತರ ಹರೆಯ, ಹೇಳಬೇಕಾದದ್ದು ರಾಶಿ, ಕೇಳಬೇಕಾದ ಜನರಲ್ಲಿ ಓದು ಬಲ್ಲವರು ಕಡಿಮೆ. ಅಂಥ ಹೊತ್ತಿನಲ್ಲಿ ನಾಟಕಕ್ಕಿಂತ ಒಳ್ಳೆಯ ಸಾಧನ ಯಾವುದಿದೆ? ಆ ಕಾಲದ ಕನ್ನಡ ರಂಗದಲ್ಲಿ ಕಂಪೆನಿ ನಾಟಕಗಳದ್ದೇ ರಾಜ್ಯ. ಬಣ್ಣ ಬಳಿದ ಪರದೆ, ಪೌರಾಣಿಕ ಕತೆ, ಮೇಲಿಂದ ಮೇಲೆ ಹಾಡು. ಕಾರಂತರಿಗೆ ಬೇಕಾಗಿದ್ದದ್ದು ಎದುರು ಕುಳಿತವನ ಮನೆಯೊಳಗಿನ ವಿಷಯ. ಹಾಗಾಗಿ ಅವರ ಮೊದಲ ಹಂತದ ನಾಟಕಗಳಲ್ಲಿ ಪಾತ್ರಗಳು ಬಿಡುವಿಲ್ಲದೆ ಮಾತನಾಡುತ್ತವೆ. ಸಮಾಜವನ್ನು ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುತ್ತವೆ.

1932ರ 'ಗರ್ಭಗುಡಿ' ಈ ಹಂತದ ಮುಖ್ಯ ನಾಟಕ. ದೇವರ ಹೆಸರು ಹೇಳಿ ಮನುಷ್ಯರನ್ನು ಸುಲಿಯುವುದರ ಮೇಲೆ ಅದರ ಸಿಟ್ಟು. ಸಂಪ್ರದಾಯಸ್ಥ ಮನೆಯಲ್ಲಿ ಹುಟ್ಟಿದ ಯುವಕನೊಬ್ಬ ಆ ಕಾಲದಲ್ಲಿ ಇಂಥ ಹೆಸರಿನ ನಾಟಕ ಬರೆಯಬೇಕಾದರೆ ಎಷ್ಟು ಎದೆಗಾರಿಕೆ ಬೇಕು ಎಂಬುದನ್ನು ಇಲ್ಲಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮರುವರ್ಷ, 1933ರಲ್ಲಿ, 'ಚೋಮನ ದುಡಿ' ಕಾದಂಬರಿ ಬಂತು. ಇವೆರಡನ್ನು ಒಟ್ಟಿಗೆ ಇಟ್ಟು ನೋಡಬೇಕು ಎಂದು ನಾನು ಯಾವಾಗಲೂ ಹೇಳುತ್ತೇನೆ. ಎರಡರಲ್ಲೂ ಅದೇ ಲೇಖಕನ ಅದೇ ನೋವು ಇದೆ. ಆದರೆ 'ಗರ್ಭಗುಡಿ'ಯಲ್ಲಿ ನೋವು ವಾದವಾಗಿ ಬರುತ್ತದೆ, ಚೋಮನ ಕತೆಯಲ್ಲಿ ಅದು ದುಡಿಯ ಪೆಟ್ಟಾಗಿ ಬರುತ್ತದೆ. ಅಸ್ಪೃಶ್ಯನಾದ ಚೋಮನಿಗೆ ಸಭೆಯಲ್ಲಿ ಎದ್ದು ನಿಂತು ಮಾತನಾಡುವ ಹಕ್ಕಿಲ್ಲ. ಸ್ವಂತದ್ದೊಂದು ತುಂಡು ಗದ್ದೆ ಬೇಸಾಯ ಮಾಡುವ ಆಸೆಯನ್ನು ಅವನು ಯಾರ ಮುಂದೆಯೂ ಪೂರ್ತಿ ಹೇಳಲಾರ. ಹೊಟ್ಟೆಯ ಸಂಕಟ, ಸಿಟ್ಟು, ಸೋಲು ಎಲ್ಲವನ್ನೂ ಅವನು ದುಡಿಯ ಮೇಲೆ ಹೊಡೆದು ಹೇಳುತ್ತಾನೆ. ಓದಿದವರಿಗೆ ಚೋಮನ ಮಾತು ಮರೆತಿರಬಹುದು, ದುಡಿ ಮರೆಯುವುದಿಲ್ಲ. ಮಾತಿಗಿಂತ ಆಳಕ್ಕೆ ಇಳಿಯುವ ಒಂದು ಸಾಧನ ಇದೆ ಎಂಬುದು ಕಾರಂತರಿಗೆ ಕೈಗೂಡಿದ್ದು ಈ ಕಾದಂಬರಿಯಲ್ಲಿ ಎಂದು ನನ್ನ ನಂಬಿಕೆ. ಅವರು ಹುಟ್ಟಾ ನಾಟಕಕಾರ ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಷ್ಟು ಹೊತ್ತಿಗೆ ಅವರು ಪುತ್ತೂರಿಗೆ ಹೋಗಿ ನೆಲೆಸಿದ್ದರು. ಬದುಕಿನ ಸುಮಾರು ನಲವತ್ತು ವರ್ಷ ಅವರ ಪ್ರಯೋಗಗಳಿಗೆ ನೆಲ ಕೊಟ್ಟದ್ದು ಆ ಊರು. ಅಲ್ಲಿ ಅವರ ಬೆನ್ನಿಗೆ ನಿಂತವರಲ್ಲಿ ಒಬ್ಬರು ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರು. ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಯಿತು, ಬಾಲವನದಲ್ಲಿ ಮಕ್ಕಳಿಗಾಗಿ ಹೊಸ ಬಗೆಯ ಕಲಿಕೆ ನಡೆಯಿತು, ಅಲ್ಲೇ ಒಂದು ನಾಟಕಶಾಲೆ ಎದ್ದಿತು. ಮಕ್ಕಳಿಗೆ ಪಾಠಕ್ಕಿಂತ ಮೊದಲು ಆಟ, ಹಾಡು, ಕುಣಿತ, ಅಭಿನಯ ಸಿಗಬೇಕು ಎಂಬುದು ಅವರ ಹಟ. 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಮೂಕಿ ಚಿತ್ರಗಳನ್ನೂ ಅವರು ಮಾಡಿದರು. ಮಾತಿಲ್ಲದ ಸಿನೆಮಾದಲ್ಲಿ ಮುಖ ಮತ್ತು ಮೈ ಏನೇನು ಹೇಳಬಲ್ಲವು ಎಂದು ಕ್ಯಾಮೆರಾದ ಹಿಂದೆ ನಿಂತು ನೋಡಿದ ಕನ್ನಡ ಲೇಖಕರು ಆ ಕಾಲದಲ್ಲಿ ಇನ್ನೆಷ್ಟು ಜನ ಸಿಕ್ಕಾರು? 1936ರಲ್ಲಿ ಅವರು ಜಾತಿಯ ಗೆರೆ ದಾಟಿ ಲೀಲಾ ಆಳ್ವ ಅವರನ್ನು ಮದುವೆಯಾದರು. ಕುಣಿತ ಕಲಿತಿದ್ದ ಲೀಲಾ ಅವರು ಮುಂದೆ ಮನೆಯಲ್ಲೂ ರಂಗದಲ್ಲೂ ಅವರ ಜೊತೆಗಾರ್ತಿ.

ಈ ಪುತ್ತೂರಿನ ದಿನಗಳಲ್ಲೇ ಅವರ ಗೀತನಾಟಕಗಳು ಬೆಳೆದವು. 'ಮುಕ್ತದ್ವಾರ', 'ಕಿಸಾ ಗೋತಮಿ', 'ಯಾರೋ ಅಂದರು' ಮೊದಲಾದವು ಆ ಬಳಗದವು. ಗೀತನಾಟಕ ಎಂದರೆ ನಡುನಡುವೆ ಹಾಡು ತುರುಕಿದ ನಾಟಕ ಎಂದು ಹಲವರು ತಿಳಿದಿದ್ದಾರೆ. ಕಂಪೆನಿ ನಾಟಕದಲ್ಲಿ ಹಾಗಿತ್ತು. ಕತೆ ಮಾತಿನಲ್ಲಿ ನಡೆಯುತ್ತಿತ್ತು, ಹಾಡು ಬಂದಾಗ ಕತೆ ನಿಂತು ಕಾಯುತ್ತಿತ್ತು. ಗಾಯಕ ನಟ ಎಷ್ಟು ಸಲ 'ಒನ್ಸ್ ಮೋರ್' ಗಿಟ್ಟಿಸಿದ ಎಂಬುದರ ಮೇಲೆ ಆ ರಾತ್ರಿಯ ಯಶಸ್ಸು. ಗೀತನಾಟಕದಲ್ಲಿ ಕತೆಯೇ ಹಾಡಿನ ಮೇಲೇರಿ ನಡೆಯುತ್ತದೆ. ಹಾಡು ನಿಂತರೆ ಕತೆಯೂ ನಿಲ್ಲುತ್ತದೆ. ಇಲ್ಲಿ ಪಾತ್ರ ತನ್ನ ನೋವಿಗೆ ಕಾರಣ ಹೇಳುತ್ತಾ ಕೂರುವುದಕ್ಕೆ ಜಾಗ ಇಲ್ಲ. ನಾಲ್ಕು ಸಾಲಿನೊಳಗೆ ಭಾವ ಮೂಡಬೇಕು, ಉಳಿದದ್ದನ್ನು ನಟನ ಮೈ ಹೇಳಬೇಕು. 'ಗರ್ಭಗುಡಿ'ಯ ಮಾತಿನ ಭಾರ ಹೊತ್ತು ನಡೆದವರು ಇಲ್ಲಿ ಆ ಹೊರೆಯಲ್ಲಿ ಅರ್ಧವನ್ನು ಕೆಳಗಿಳಿಸಿದ್ದಾರೆ.

ಇಲ್ಲಿ ಪಂಜಾಬಿನ ಕಡೆಗೆ ಒಮ್ಮೆ ಹೊರಳಬೇಕು. ಕಾರಣ ಒಂದು ಪುಸ್ತಕ. ಬಹಳ ವರ್ಷಗಳ ಹಿಂದೆ ಒಂದು ಗ್ರಂಥಾಲಯದ ಕಪಾಟಿನಲ್ಲಿ 'ಫೋಕ್ ಥಿಯೇಟರ್ ಆಫ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಸಿಕ್ಕಿತು. ಅಚ್ಚಾದದ್ದು 1966ರಲ್ಲಿ, ಬರೆದವರು ಬಲವಂತ ಗಾರ್ಗಿ. ಹಾಳೆ ಮಗುಚುತ್ತಾ ಹೋದರೆ ಬಂಗಾಳದ ಜಾತ್ರಾ, ಉತ್ತರದ ನೌಟಂಕಿ, ಗುಜರಾತಿನ ಭವಾಯಿ, ಮಹಾರಾಷ್ಟ್ರದ ತಮಾಷಾ ಇವುಗಳ ಸಾಲಿನಲ್ಲಿ ನಮ್ಮ ಯಕ್ಷಗಾನ! ಮನೆಯಂಗಳದ ಆಟವನ್ನು ಪಂಜಾಬಿನವರೊಬ್ಬರು ದೇಶದ ದೊಡ್ಡ ರಂಗಕಲೆಗಳ ಜೊತೆ ಕೂರಿಸಿದ್ದನ್ನು ಕಂಡು ಅಂದು ಆದ ಸಂತೋಷ ಇಂದಿಗೂ ನೆನಪಿದೆ. ಯಾರು ಇವರು ಎಂದು ಹುಡುಕಿ ಹೊರಟವನಿಗೆ ಸಿಕ್ಕಿದ್ದು ಕಾರಂತರ ಹಾಗೆಯೇ ಒಂದು ಬದುಕು.

ಪಂಜಾಬಿಯಲ್ಲಿ ಆಧುನಿಕ ನಾಟಕ ಹುಟ್ಟಿದ್ದು 1910ರ ದಶಕದ ಲಾಹೋರಿನಲ್ಲಿ. ಐರ್ಲೆಂಡಿನಿಂದ ಬಂದ ನಟಿ ನೋರಾ ರಿಚರ್ಡ್ಸ್ ಅಲ್ಲಿಯ ಕಾಲೇಜು ಹುಡುಗರಿಗೆ ನಿಮ್ಮ ಊರಿನ ಬದುಕನ್ನು ನಿಮ್ಮದೇ ಭಾಷೆಯಲ್ಲಿ ನಾಟಕ ಮಾಡಿ ಎಂದು ಹುರಿದುಂಬಿಸಿದರು. ಅವರ ಶಿಷ್ಯ ಈಶ್ವರ ಚಂದರ್ ನಂದಾ ಬರೆದ ಏಕಾಂಕ 'ದುಲ್ಹನ್' ಅಲ್ಲಿಯ ಮೊದಲ ಹೆಜ್ಜೆ. ಬಠಿಂಡಾ ಕಡೆಯ ಹಳ್ಳಿಗಾಡಿನಿಂದ ಬಂದ ಗಾರ್ಗಿ ಅದರ ಮುಂದಿನ ತಲೆಮಾರಿನವರು, 1916ರಲ್ಲಿ ಹುಟ್ಟಿದವರು. 1944ರಲ್ಲಿ ಬಂದ ಅವರ 'ಲೋಹಾ ಕುಟ್' ನಾಟಕದಲ್ಲಿ ಒಬ್ಬ ಕಮ್ಮಾರನ ಮನೆ ಇದೆ. ಮಗಳು ತಾನು ಮೆಚ್ಚಿದವನ ಜೊತೆ ಮನೆ ಬಿಟ್ಟು ಹೋಗುತ್ತಾಳೆ. ಅದನ್ನು ಕಂಡ ತಾಯಿಯ ಒಳಗೆ ಎಷ್ಟೋ ವರ್ಷದಿಂದ ಅದುಮಿಟ್ಟದ್ದು ಎದ್ದು ನಿಂತು ಅವಳೂ ಹೊಸ್ತಿಲು ದಾಟುತ್ತಾಳೆ. ಕುಲುಮೆಯ ಬೆಂಕಿ, ಸುತ್ತಿಗೆಯ ಪೆಟ್ಟು ಆ ನಾಟಕದ ಉದ್ದಕ್ಕೂ ಇವೆ. ಅದನ್ನು ಓದಿದಾಗ ನನ್ನ ಕಿವಿಯಲ್ಲಿ ಬಡಿದದ್ದು ಚೋಮನ ದುಡಿ.

ಇಬ್ಬರನ್ನೂ ಅಕ್ಕಪಕ್ಕ ಇಟ್ಟರೆ ಇನ್ನೊಂದು ಹೋಲಿಕೆ ಕಾಣುತ್ತದೆ. ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ, 'ಯಕ್ಷಗಾನ ಬಯಲಾಟ' ಎಂಬ ಸಂಶೋಧನಾ ಗ್ರಂಥಕ್ಕೆ. ಗಾರ್ಗಿಯವರಿಗೆ ಬಂದದ್ದು 1962ರಲ್ಲಿ, 'ರಂಗಮಂಚ್' ಎಂಬ ರಂಗಭೂಮಿಯ ಕುರಿತ ಪುಸ್ತಕಕ್ಕೆ. ಒಬ್ಬರು ಕಡಲ ಬದಿಯವರು, ಇನ್ನೊಬ್ಬರು ಗೋಧಿ ಬೆಳೆಯುವ ಬಯಲಿನವರು. ಇಬ್ಬರೂ ನಾಟಕ ಬರೆದರು, ಇಬ್ಬರಿಗೂ ಮನ್ನಣೆ ಸಿಕ್ಕಿದ್ದು ನಾಟಕದ ಬೇರನ್ನು ಹುಡುಕಿ ಹೊರಟ ಕೆಲಸಕ್ಕೆ. ಸ್ವಾತಂತ್ರ್ಯ ಬಂದ ಮೊದಲ ವರ್ಷಗಳಲ್ಲಿ ನಮ್ಮ ಒಳ್ಳೆಯ ನಾಟಕಕಾರರನ್ನೆಲ್ಲ ಕಾಡಿದ ಪ್ರಶ್ನೆ ಒಂದೇ. ಪಡುವಣದಿಂದ ಬಂದ ಕೋಣೆ, ಕುರ್ಚಿ, ಸಂಭಾಷಣೆಯ ನಾಟಕ ನಮ್ಮ ಜನರ ಮೈಗೆ ಒಗ್ಗುತ್ತದೆಯೇ? ಒಗ್ಗದಿದ್ದರೆ ನಮ್ಮದೇ ರಂಗದ ಭಾಷೆ ಎಲ್ಲಿದೆ? ಗಾರ್ಗಿ ಉತ್ತರ ಹುಡುಕಿ ದೇಶ ಸುತ್ತಿದರು, ಆಮೇಲೆ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ರಂಗಶಿಕ್ಷಣದ ವಿಭಾಗ ಕಟ್ಟಿದರು. ಕಾರಂತರು ಉತ್ತರ ಹುಡುಕಿ ಹುಟ್ಟೂರಿನ ಚೌಕಿಗೆ ಮರಳಿದರು.

ಮರಳಿದ್ದು ಭಕ್ತನ ಹಾಗೆ ಅಲ್ಲ. ಮೇಳಗಳನ್ನು ಹಿಂಬಾಲಿಸಿದರು, ಹಳೆಯ ಭಾಗವತರ ಬಳಿ ಕೂತು ಮಟ್ಟುಗಳನ್ನು ಕೇಳಿದರು, ಓಲೆಗರಿ ಹುಡುಕಿದರು, ಉಡುಪು ತೊಡುಪುಗಳ ಹಳೆಯ ವಿನ್ಯಾಸ ಗುರುತಿಸಿದರು. ಮಿಂಚುವ ಬಟ್ಟೆ, ಸಿನೆಮಾದ ರಾಗ, ಟೆಂಟಿನ ಥಳುಕು ಬಂದು ಆಟದ ಹಳೆಯ ಘನತೆ ಕರಗುತ್ತಿರುವುದನ್ನು ಕಂಡು ಕಟುವಾಗಿ ಬರೆದರು. 1970ರ ದಶಕದ ಆರಂಭದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ, ಪ್ರೊಫೆಸರ್ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಯಕ್ಷಗಾನ ಕೇಂದ್ರ ಹುಟ್ಟಿತು, ಕಾರಂತರು ಅದಕ್ಕೆ ದಾರಿ ತೋರಿದರು. ಮುಂದೆ 'ಯಕ್ಷರಂಗ' ಎಂಬ ತಂಡದ ಮೂಲಕ 'ಭೀಷ್ಮವಿಜಯ', 'ಅಭಿಮನ್ಯು ವಧೆ', 'ನಳ ದಮಯಂತಿ', 'ಕನಕಾಂಗಿ' ಮೊದಲಾದ ಪ್ರಸಂಗಗಳನ್ನು ಹೊಸದಾಗಿ ಸಂಯೋಜಿಸಿ ದೇಶ ವಿದೇಶಗಳಲ್ಲಿ ಆಡಿಸಿದರು.

ಇಲ್ಲಿ ಅವರು ಮಾಡಿದ ಬದಲಾವಣೆ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಆಟ ಹೇಗೆ ನಡೆಯುತ್ತದೆ ಎಂಬುದನ್ನು ಹೊರಗಿನ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಪ್ರಸಂಗ ಎಂದರೆ ಪದ್ಯಗಳ ಸಾಲು. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಚಂಡೆ ಜೊತೆಗೂಡುತ್ತವೆ, ವೇಷಧಾರಿ ಕುಣಿಯುತ್ತಾನೆ. ಕುಣಿತ ನಿಂತ ಮೇಲೆ ಅದೇ ಪದ್ಯದ ಅರ್ಥವನ್ನು ಗದ್ಯದಲ್ಲಿ ಹಿಗ್ಗಿಸಿ ಮಾತನಾಡುತ್ತಾನೆ. ಅದಕ್ಕೆ ಅರ್ಥಗಾರಿಕೆ ಎಂದು ಹೆಸರು. ಅದನ್ನು ಯಾರೂ ಬರೆದುಕೊಡುವುದಿಲ್ಲ, ಆ ಕ್ಷಣಕ್ಕೆ ಹುಟ್ಟುವ ಮಾತು. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವ ಪ್ರತಿಭಾವಂತರಿದ್ದಾರೆ. ಕಾರಂತರು ಈ ಮೂರನೆಯ ಭಾಗವನ್ನೇ ತೆಗೆದರು. ರಾತ್ರಿಯಿಡೀ ನಡೆಯುವ ಪ್ರಸಂಗ ಎರಡು ಮೂರು ಗಂಟೆಗೆ ಇಳಿಯಿತು. ಪದ್ಯ ಮುಗಿದಲ್ಲಿ ಆಲಾಪ ಬಂತು, ಭಾಗವತರ ದನಿಗೆ ಪಿಟೀಲು, ಸ್ಯಾಕ್ಸೊಫೋನ್ ಜೊತೆಯಾದವು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರೇ ಪಂಚೆ ಎತ್ತಿಕಟ್ಟಿ ಕುಣಿದು ತೋರಿಸುತ್ತಿದ್ದರು.

ಊರಲ್ಲಿ ಗದ್ದಲವೇ ಆಯಿತು. ಮಾತಿಲ್ಲದ ಮೇಲೆ ಅದು ಆಟ ಹೇಗಾಗುತ್ತದೆ, ಸ್ಯಾಕ್ಸೊಫೋನಿಗೂ ಕೋಟದ ಗದ್ದೆಗೂ ಏನು ಸಂಬಂಧ ಎಂದು ಬಲ್ಲವರೇ ಕೇಳಿದರು. ಆ ಪ್ರಶ್ನೆಗಳಲ್ಲಿ ಹುರುಳಿತ್ತು. ನಾನೂ ವೇಷ, ಕುಣಿತವಿಲ್ಲದ ತಾಳಮದ್ದಲೆ ಕೇಳಿ ಬೆಳೆದವನು. ಕರ್ಣ ಕೃಷ್ಣರ ನಡುವಿನ ಮಾತಿನ ಜಿದ್ದಿಗಾಗಿ ರಾತ್ರಿ ನಿದ್ದೆಗೆಟ್ಟವನು. ಹಳ್ಳಿಯ ಸಾಮಾನ್ಯ ಮನುಷ್ಯನಿಗೆ ಕನ್ನಡದ ಗತ್ತು, ಪುರಾಣದ ತರ್ಕ, ಧರ್ಮದ ಸೂಕ್ಷ್ಮ ಎಲ್ಲ ಸಿಕ್ಕಿದ್ದು ಅರ್ಥಗಾರಿಕೆಯಿಂದ. ಅದನ್ನು ಕಿತ್ತರೆ ಆಟದ ಒಂದು ಪ್ರಾಣನಾಡಿ ಹೋಗುತ್ತದೆ ಎಂದು ಇಂದಿಗೂ ನಂಬುತ್ತೇನೆ. ಮೇಳಗಳು ಕಾರಂತರ ದಾರಿ ಹಿಡಿಯದೆ ಮಾತನ್ನು ಉಳಿಸಿಕೊಂಡದ್ದು ಒಳ್ಳೆಯದೇ ಆಯಿತು.

ಆದರೂ ಯಕ್ಷರಂಗದ 'ಭೀಷ್ಮವಿಜಯ' ನೋಡಿದ ರಾತ್ರಿಯನ್ನು ನಾನು ಬಿಟ್ಟುಕೊಡಲಾರೆ. ಆಗ ನನಗೆ ಇಪ್ಪತ್ತರ ಆಸುಪಾಸು. ತಪ್ಪು ಹುಡುಕಲೆಂದೇ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಸಾಲ್ವನು ತಿರಸ್ಕರಿಸಿದ ಅಂಬೆ ಮರಳಿ ಭೀಷ್ಮನ ಎದುರು ಬಂದು ನಿಲ್ಲುತ್ತಾಳೆ. ಭೀಷ್ಮನೂ ಅವಳನ್ನು ಸ್ವೀಕರಿಸಲಾರ. ಮೇಳದ ಆಟದಲ್ಲಾದರೆ ಇದು ಮಾತಿನ ಹಬ್ಬದ ಜಾಗ. ಪ್ರತಿಜ್ಞೆ ದೊಡ್ಡದೋ ಹೆಣ್ಣಿನ ಬಾಳು ದೊಡ್ಡದೋ ಎಂದು ಇಬ್ಬರೂ ಗಂಟೆಗಟ್ಟಲೆ ವಾದಿಸಬಹುದು. ಅಂದು ಪದ್ಯ ಮುಗಿಯಿತು, ಭಾಗವತರು ದನಿ ಎಳೆದು ನಿಲ್ಲಿಸಿದರು, ಪಿಟೀಲು ಒಂದೇ ಸ್ವರದಲ್ಲಿ ನಿಂತಿತು. ಅಂಬೆ ಮೊದಲು ಭೀಷ್ಮನ ಕಡೆ ಎರಡು ಹೆಜ್ಜೆ ಇಟ್ಟಳು. ತಡೆದಳು. ತಿರುಗಿ ಬಂದ ದಾರಿಯತ್ತ ಒಂದು ಹೆಜ್ಜೆ ಇಟ್ಟಳು. ಅಲ್ಲೂ ತಡೆದಳು. ನಡುವೆ ನಿಂತವಳಿಗೆ ಹೋಗಲು ಒಂದು ದಿಕ್ಕೂ ಉಳಿದಿರಲಿಲ್ಲ. ಆ ಪ್ರಸಂಗವನ್ನು ಅದಕ್ಕೂ ಮೊದಲು ಎಷ್ಟೋ ಸಲ ಕಂಡಿದ್ದೆ, ಎರಡೂ ಕಡೆಯ ವಾದ ನನಗೆ ಬಾಯಿಪಾಠ ಇತ್ತು. ಅಂಬೆಗೆ ನಿಜವಾಗಿ ಏನಾಯಿತು ಎಂಬುದು ತಿಳಿದದ್ದು ಅಂದು. ವಾದ ಕೇಳುವಾಗ ನನ್ನ ಗಮನ ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಇರುತ್ತಿತ್ತು, ಅವಳ ಮೇಲೆ ಇರುತ್ತಿರಲಿಲ್ಲ.

ಕಾರಂತರ ರಂಗಜೀವನದ ಹಂತಗಳು ನನಗೆ ಒಂದಕ್ಕೊಂದು ಹೊಂದಿಕೊಂಡದ್ದು ಆ ರಾತ್ರಿಯ ನಂತರ. ಸಮಾಜವನ್ನು ತಿದ್ದಬೇಕೆಂದು ಮಾತು ಹಿಡಿದ ಯುವಕ, ಮಾತಿಗೆ ಸಿಕ್ಕಿದ ಮನುಷ್ಯರು ಮಾತಿನಿಂದಲೇ ತಪ್ಪಿಸಿಕೊಳ್ಳುತ್ತಾರೆ ಎಂದು ಕಂಡುಕೊಂಡಿರಬೇಕು. ವಾದಕ್ಕೆ ಪ್ರತಿವಾದ ಸಿಗುತ್ತದೆ. ದುಡಿಯ ಪೆಟ್ಟಿಗೆ, ನಡುದಾರಿಯಲ್ಲಿ ನಿಂತ ಹೆಜ್ಜೆಗೆ ಯಾರೂ ಪ್ರತಿವಾದ ಹೂಡಲಾರರು. ಆಟದ ಚೌಕಿಯಿಂದ ಹೊರಟು, ಗಾಂಧಿಯ ಕಾಲದ ವೇದಿಕೆ, ಬಾಲವನದ ಮಕ್ಕಳು, ಮೂಕಿ ಚಿತ್ರ, ಗೀತನಾಟಕ ಎಲ್ಲವನ್ನೂ ದಾಟಿ, ಅವರು ಮರಳಿ ಚೌಕಿಯ ಮೌನಕ್ಕೇ ಬಂದರು.

ಪಂಜಾಬಿನ ದಾರಿಯೂ ಕರಾವಳಿಯ ದಾರಿಯೂ ಮುಂದೆ ಕೂಡಿದವು ಎಂಬುದು ಇನ್ನೊಂದು ಸಂತೋಷ. ಕೂಡಿಸಿದವರು ಇನ್ನೊಬ್ಬ ಕಾರಂತರು, ಬಂಟ್ವಾಳದ ಮಂಚಿಯಲ್ಲಿ ಬೆಳೆದ ಬಿ.ವಿ. ಕಾರಂತರು. 'ಚೋಮನ ದುಡಿ'ಯನ್ನು 1975ರಲ್ಲಿ ಸಿನೆಮಾ ಮಾಡಿ ಸ್ವರ್ಣಕಮಲ ತಂದವರು ಅವರೇ. ಚಂಡೀಗಢದ ನಿರ್ದೇಶಕಿ ನೀಲಂ ಮಾನ್‌ಸಿಂಗ್ ಚೌಧರಿ ಅವರ ಪಂಜಾಬಿ ನಾಟಕಗಳಿಗೆ ಸಂಗೀತ ಕೊಟ್ಟವರೂ ಅವರೇ. ಗಿರೀಶ ಕಾರ್ನಾಡರ 'ನಾಗಮಂಡಲ' ಕವಿ ಸುರ್ಜೀತ್ ಪಾತರ್ ಅವರ ಕೈಯಲ್ಲಿ ಪಂಜಾಬಿಯಾಗಿ, ನೀಲಂ ಅವರ ತಂಡದ ಮೂಲಕ ರಂಗಕ್ಕೆ ಬಂತು. ಅಲ್ಲಿಯ ಹಳ್ಳಿಯ ನಕ್ಕಾಲರು, ಅಂದರೆ ಹಾಡಿ ಕುಣಿದು ಹೆಣ್ಣು ವೇಷ ಹಾಕುವ ಸಾಂಪ್ರದಾಯಿಕ ಕಲಾವಿದರು, ನಗರದ ನಟರ ಜೊತೆ ಒಂದೇ ರಂಗದಲ್ಲಿ ನಿಂತರು. ಗಾರ್ಗಿ ಪುಸ್ತಕದಲ್ಲಿ ಕಂಡ ಕನಸು, ಶಿವರಾಮ ಕಾರಂತರು ಉಡುಪಿಯಲ್ಲಿ ಹುಡುಕಿದ ದಾರಿ, ಎರಡೂ ಹೀಗೆ ಮುಂದಿನವರ ಕೈಯಲ್ಲಿ ಬೆಳೆದವು.

ಹಾಗಾದರೆ ಕಾರಂತರ ನಾಟಕಗಳನ್ನು ಇಂದು ಯಾರೂ ಯಾಕೆ ಆಡುವುದಿಲ್ಲ? ನನಗೆ ತೋರುವ ಕಾರಣಗಳು ಮೂರು. ಮೊದಲನೆಯದು, ಅವರ ಕಾದಂಬರಿಗಳ ನೆರಳು ದೊಡ್ಡದು. ದೊಡ್ಡ ಆಲದ ಅಡಿಯಲ್ಲಿ ಬೇರೆ ಗಿಡ ಇದ್ದರೂ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು, ಸಾಮಾಜಿಕ ನಾಟಕಗಳಲ್ಲಿ ಕೆಲವು ತಮ್ಮ ಕಾಲದ ಗಾಯಕ್ಕೆ ಹಚ್ಚಿದ ಮದ್ದು. ಆ ಗಾಯದ ರೂಪ ಬದಲಾಗಿದೆ, ಮಾತಿನ ಧಾಟಿಯೂ ಹಳತಾಗಿದೆ. ಅವನ್ನು ಹಾಗೆ ಹಾಗೇ ಆಡಿಸಿ ಎಂದು ನಾನು ಹೇಳಲಾರೆ. ಮೂರನೆಯ ಕಾರಣ ಗೀತನಾಟಕಗಳದ್ದು. ಪುಸ್ತಕದಲ್ಲಿ ಸಾಹಿತ್ಯ ಇದೆ, ಮಟ್ಟು ಹಾಡಿದವರ ಗಂಟಲಲ್ಲಿತ್ತು. ಆ ಗಂಟಲುಗಳು ಒಂದೊಂದಾಗಿ ನಿಂತಂತೆ ಮಟ್ಟುಗಳೂ ಹೋದವು. ಈ ಮೂರನೆಯದು ನಮ್ಮ ಕೈಯಲ್ಲಿ ಸರಿಮಾಡಲು ಆಗುವಂಥದ್ದು. ಮಟ್ಟು ಗೊತ್ತಿಲ್ಲವೆಂದರೆ ಹೊಸ ಮಟ್ಟು ಹಾಕಬಹುದು. ಊರು ತುಂಬ ಭಾಗವತರಿರುವ ನಮ್ಮಲ್ಲಿ ಅದಕ್ಕೆ ಬರಗಾಲ ಇಲ್ಲ.

ಹಾಗಾಗಿ ಫೋನು ಮಾಡುವ ಮಾಷ್ಟ್ರುಗಳಿಗೆ ನನ್ನ ಉತ್ತರ ಇದು. 'ಕಿಸಾ ಗೋತಮಿ'ಯನ್ನು ತೆಗೆದುಕೊಳ್ಳಿ. ಕತೆ ಎಲ್ಲರೂ ಬಲ್ಲ ಬೌದ್ಧ ಕತೆ. ಸತ್ತ ಮಗುವನ್ನು ಎತ್ತಿಕೊಂಡು ಬದುಕಿಸಿಕೊಡು ಎಂದು ಬೇಡುವ ತಾಯಿಗೆ ಬುದ್ಧ ಒಂದು ಹಿಡಿ ಸಾಸಿವೆ ತರಲು ಹೇಳುತ್ತಾನೆ. ಸಾವು ಕಾಣದ ಮನೆಯ ಸಾಸಿವೆಯೇ ಆಗಬೇಕು. ದೊಡ್ಡ ರಂಗಸಜ್ಜಿಕೆ ಬೇಡ, ದುಬಾರಿ ವೇಷ ಬೇಡ. ಹತ್ತಿರದ ಭಾಗವತರೊಬ್ಬರನ್ನು ಕರೆದು ಮಟ್ಟು ಕೂರಿಸಿ. ಮುಖ್ಯವಾಗಿ, ಮಕ್ಕಳಿಗೆ ಅರ್ಥವಾಗಲಿ ಎಂದು ನೀವಾಗಿ ಸಂಭಾಷಣೆ ಸೇರಿಸಬೇಡಿ.

ಈ ಕೊನೆಯ ಮಾತು ಹೇಳಲು ನನಗೆ ಧೈರ್ಯ ಬಂದದ್ದು ಕೆಲವು ವರ್ಷಗಳ ಹಿಂದೆ ಕಂಡ ಒಂದು ತಾಲೀಮಿನಿಂದ. ಕಡಲ ಸದ್ದು ಕೇಳುವಷ್ಟು ಹತ್ತಿರದ ಒಂದು ಶಾಲೆ. ಮಧ್ಯಾಹ್ನದ ಬಿಸಿಲು ಜಗಲಿಯ ಮೇಲೆ ಬಿದ್ದಿತ್ತು. ಮೇಳ ಬಿಟ್ಟು ಮನೆಯಲ್ಲಿದ್ದ ಹಿರಿಯ ಭಾಗವತರೊಬ್ಬರು ಗೋಡೆಗೊರಗಿ ತಾಳ ಹಿಡಿದು ಕುಳಿತಿದ್ದರು. ಎಂಟನೆಯ ಕ್ಲಾಸಿನ ಹುಡುಗಿ ಗೋತಮಿ. ಮಗುವಿನ ಬದಲಿಗೆ ಅವಳ ತೋಳಲ್ಲಿ ಸುತ್ತಿದ ಒಂದು ಬೈರಾಸು. ನಾಲ್ಕು ಬೆಂಚುಗಳೇ ನಾಲ್ಕು ಮನೆ. ಪ್ರತಿ ಬೆಂಚಿನ ಹಿಂದೆ ಒಂದೊಂದು ಮಗು, ಅಂಗೈಯಲ್ಲಿ ನಿಜವಾದ ಸಾಸಿವೆ. ಟೀಚರು ಗೋತಮಿಗೆಂದು ಎರಡು ಪುಟ ಮಾತು ಬರೆದುಕೊಟ್ಟಿದ್ದರು. ಮೊದಲ ಮನೆಯಲ್ಲಿ ಹುಡುಗಿ ಗಟ್ಟಿಯಾಗಿ ಕೇಳಿದಳು, ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ ಎಂದು. ಸತ್ತಿದ್ದಾರೆ ಎಂಬ ಉತ್ತರ ಬಂತು. ಎರಡನೆಯ ಮನೆಯಲ್ಲಿ ದನಿ ತಗ್ಗಿತು. ಮೂರನೆಯದರಲ್ಲಿ ಅರ್ಧ ಕೇಳಿ ನಿಲ್ಲಿಸಿದಳು.

ನಾಲ್ಕನೆಯ ಬೆಂಚಿನ ಹಿಂದೆ ಮುದುಕಿಯ ಪಾತ್ರದ ಪುಟ್ಟ ಹುಡುಗಿ. ಗೋತಮಿ ಬಂದು ಎದುರು ನಿಂತಳು, ಏನನ್ನೂ ಕೇಳಲಿಲ್ಲ. ಚಾಚಿದ ಅಂಗೈಯಲ್ಲಿದ್ದ ಸಾಸಿವೆಯನ್ನು ಸುಮ್ಮನೆ ನೋಡಿದಳು. ಮುದುಕಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳು ಕೈಯನ್ನು ಮೆಲ್ಲಗೆ ಮುಚ್ಚಿದಳು. ಭಾಗವತರು ತಾಳ ನಿಲ್ಲಿಸಿದರು. ಹುಡುಗಿ ಕುಳಿತು ಬೈರಾಸಿನ ಗಂಟನ್ನು ನೆಲದ ಮೇಲಿಟ್ಟಳು, ಮಲಗಿದ ಮಗುವಿಗೆ ಹೊದೆಸುವಂತೆ ಅದರ ಅಂಚು ಸರಿಮಾಡಿದಳು. ಜಗಲಿಯಲ್ಲಿ ಆಡುತ್ತಿದ್ದ ಚಿಕ್ಕ ಮಕ್ಕಳೂ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಟೀಚರು ತಾವು ಬರೆದಿದ್ದ ಎರಡು ಪುಟಗಳನ್ನು ಮಡಚಿ ಪುಸ್ತಕದೊಳಗೆ ಇಟ್ಟರು.